ಅಮಾನತಿನ ಆದೇಶಕ್ಕೆ ಮೊದಲು ವಾರ್ಡಿನೊಳಗೆ ಬನ್ನಿ: ಸಚಿವರಿಬ್ಬರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಬೆಂಗಳೂರಿನ ಆಸ್ಪತ್ರೆಗಳಲ್ಲಿ 31 ವರ್ಷ ಶುಶ್ರೂಷಕಿಯಾಗಿ ದುಡಿದು, ಕೊನೆಯ ಆರು ವರ್ಷ ಶುಶ್ರೂಷಾ ಅಧೀಕ್ಷಕಿಯಾಗಿದ್ದು ನಿವೃತ್ತಳಾದವಳು ನಾನು. ಯಾವುದಾದರೂ ಆಸ್ಪತ್ರೆಯಲ್ಲಿ ಅನಾಹುತವಾದ ಮರುದಿನ ಪತ್ರಿಕೆಯಲ್ಲಿ ‘ವೈದ್ಯರ ಅಮಾನತು’, ‘ನರ್ಸ್ ಅಮಾನತು’ ಎಂಬ ಸುದ್ದಿ ಓದಿದಾಗಲೆಲ್ಲ, ಅದೇ ವಾರ್ಡಿನಲ್ಲಿ ಈ ರಾತ್ರಿ ಮಲಗಿರುವ ರೋಗಿಯ ಪಾಲಿಗೆ ಇದರಿಂದ ಏನು ಬದಲಾಯಿತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಬಹಳ ಸಲ ಏನೂ ಬದಲಾಗಿರುವುದಿಲ್ಲ. ತಪ್ಪು ನಡೆಯಲು ಬಿಟ್ಟ ದಾರಿ ಹಾಗೆಯೇ ತೆರೆದುಕೊಂಡಿರುತ್ತದೆ. ಆ ದಾರಿಯನ್ನು ಮುಚ್ಚುವುದು ಹೇಗೆ ಎಂಬುದರ ಬಗ್ಗೆ, ಕಂಡದ್ದನ್ನೂ ಕಲಿತದ್ದನ್ನೂ ತಮ್ಮ ಮುಂದಿಡಲು ಈ ಪತ್ರ.

ಮೊದಲು ಒಂದು ರಾತ್ರಿಯ ವಿಷಯ ಹೇಳಬೇಕು. ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಮಾಗಡಿ ಕಡೆಯ ಹೆಣ್ಣುಮಗಳೊಬ್ಬರು ಹೊಟ್ಟೆಯ ಆಪರೇಷನ್ ಆಗಿ ಎರಡನೆಯ ದಿನದಲ್ಲಿದ್ದರು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದವರು, ಮೂತ್ರಪಿಂಡವೂ ಸ್ವಲ್ಪ ಸೋತಿತ್ತು. ಸಂಜೆ ಏಳೂವರೆಯ ಸುಮಾರಿಗೆ ಲ್ಯಾಬಿನಿಂದ ವಾರ್ಡಿಗೆ ಫೋನ್ ಬಂತು. ರಕ್ತದಲ್ಲಿ ಪೊಟ್ಯಾಸಿಯಂ 6.8 ಇದೆ ಎಂದರು. ಅದು ಸಾಮಾನ್ಯವಾಗಿ 3.5ರಿಂದ 5ರೊಳಗೆ ಇರಬೇಕು. ಇಷ್ಟು ಏರಿದರೆ ಹೃದಯದ ಬಡಿತವೇ ತಪ್ಪುವ ಅಪಾಯವಿರುತ್ತದೆ. ಫೋನ್ ಎತ್ತಿಕೊಂಡ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಕಿರಿಯ ವೈದ್ಯ), ಫೋನಿನ ಪಕ್ಕದಲ್ಲಿ ಪುಸ್ತಕವಿಲ್ಲದ ಕಾರಣ, ಕೈಗೆ ಸಿಕ್ಕ ಇಂಡೆಂಟ್ ಚೀಟಿಯ (ವಾರ್ಡಿಗೆ ಸಾಮಾನು ತರಿಸುವ ಚೀಟಿ) ಬೆನ್ನಿಗೆ ಅಂಕಿಯನ್ನು ಬರೆದಿಟ್ಟ. ಅಷ್ಟರಲ್ಲಿ ಅವನಿಗೆ ಕ್ಯಾಶುವಾಲ್ಟಿಯಿಂದ, ಅಂದರೆ ತುರ್ತು ಚಿಕಿತ್ಸಾ ವಿಭಾಗದಿಂದ, ಕರೆ ಬಂದು ಓಡಿದ. ಎಂಟು ಗಂಟೆಗೆ ಡ್ಯೂಟಿ ಬದಲಾಯಿತು. ಹೋಗುವ ಸಿಸ್ಟರ್ 38 ರೋಗಿಗಳ ‘ಓವರ್’ ಕೊಟ್ಟು, ಅಂದರೆ ಅವರ ಸ್ಥಿತಿಗತಿಯನ್ನು ಮುಂದಿನ ಪಾಳಿಯವರಿಗೆ ಹೇಳಿ ಒಪ್ಪಿಸಿ, ಬಸ್ಸು ಹಿಡಿಯಬೇಕಿತ್ತು. ಬಂದ ಸಿಸ್ಟರ್ ಆ ರಾತ್ರಿ ಒಬ್ಬಳೇ. ಚೀಟಿ ಯಾವುದೋ ಕೇಸ್ ಶೀಟಿನ ಅಡಿಗೆ ಸೇರಿತು. ಬೆಳಗಿನ ರೌಂಡ್ಸಿನಲ್ಲಿ ಬರೆದಿದ್ದ, ಪೊಟ್ಯಾಸಿಯಂ ಬೆರೆಸಿದ ಡ್ರಿಪ್ ರಾತ್ರಿಯಿಡೀ ಇಳಿಯುತ್ತಲೇ ಇತ್ತು.

ರಾತ್ರಿ ಹನ್ನೊಂದಕ್ಕೆ ಮಗಳು ಬಂದು, “ಸಿಸ್ಟರ್, ಅಮ್ಮ ಯಾಕೋ ಮಂಕಾಗಿದ್ದಾರೆ, ಕಾಲು ಎತ್ತೋಕೆ ಆಗ್ತಿಲ್ಲ ಅಂತಾರೆ” ಎಂದಿದ್ದಳು. ಆಪರೇಷನ್ ಆದವರಿಗೆ ನಿಶ್ಶಕ್ತಿ ಇರುತ್ತದೆ ಎಂದು ಸಮಾಧಾನ ಹೇಳಿ ಕಳಿಸಲಾಯಿತು. ಬೆಳಗಿನ ಜಾವ ನಾಲ್ಕೂವರೆಗೆ ಆಕೆ ಅಳುತ್ತಾ ಮತ್ತೆ ಬಂದಾಗ ಇಸಿಜಿ ತೆಗೆದರು, ವಿಷಯ ತಿಳಿಯಿತು. ಕ್ಯಾಲ್ಸಿಯಂ ಗ್ಲೂಕೋನೇಟ್ ಕೊಟ್ಟು, ಇನ್ಸುಲಿನ್ ಮತ್ತು ಗ್ಲೂಕೋಸ್ ಹಾಕಿ, ಐಸಿಯುಗೆ ಸಾಗಿಸಿದರು. ಆ ತಾಯಿ ಉಳಿದರು.

ವಿಚಾರಣೆ ಎರಡೇ ದಿನದಲ್ಲಿ ಮುಗಿಯಿತು. ರಾತ್ರಿ ಪಾಳಿಯ ಸಿಸ್ಟರಿಗೆ ಕಾರಣ ಕೇಳಿ ನೋಟಿಸ್ ಬಂತು, ವಾರ್ಡ್ ಬದಲಾಯಿತು, ವರ್ಷ ಕಳೆಯುವುದರೊಳಗೆ ಆಕೆ ಕೆಲಸವನ್ನೇ ಬಿಟ್ಟು ಹೋದಳು. ಫೋನಿನ ಪಕ್ಕಕ್ಕೆ ಪುಸ್ತಕ ಬರಲಿಲ್ಲ. ಹೇಳಿದ ಅಂಕಿಯನ್ನು ಕೇಳಿದವರು ತಿರುಗಿ ಓದಿ ಹೇಳಬೇಕೆಂಬ ನಿಯಮ ಬರಲಿಲ್ಲ. ರಾತ್ರಿಗೆ ಎರಡನೆಯ ಸಿಸ್ಟರ್ ಬರಲಿಲ್ಲ. ಮೂರು ತಿಂಗಳ ಮೇಲೆ ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬ ರೋಗಿಯ ವರದಿ ಇದೇ ರೀತಿ ಚೀಟಿಯಲ್ಲಿ ಕಳೆದುಹೋಯಿತು.

ಮಾನ್ಯರೇ, ಈ ಪ್ರಕರಣದಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಲ್ಯಾಬಿನವರು ಫೋನ್ ಮಾಡಿದರು, ಹೌಸ್ ಸರ್ಜನ್ ಬರೆದಿಟ್ಟ, ಸಿಸ್ಟರ್ ಓವರ್ ಕೊಟ್ಟಳು. ಪ್ರತಿಯೊಬ್ಬರೂ ತಮ್ಮ ತಮ್ಮ ತುಂಡು ಕೆಲಸವನ್ನು ಮಾಡಿದ್ದರು. ತುಂಡುಗಳನ್ನು ಜೋಡಿಸುವ ಕೆಲಸ ಮಾತ್ರ ಯಾರ ಹೆಸರಿನಲ್ಲೂ ಇರಲಿಲ್ಲ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ತೂತುಗಳಿರುವ ಚೀಸಿನ ಹೋಳುಗಳಿಗೆ ಹೋಲಿಸಿದ್ದರು. ಒಂದೊಂದು ಹೋಳೂ ಒಂದೊಂದು ರಕ್ಷಣೆ, ಪ್ರತಿಯೊಂದರಲ್ಲೂ ತೂತುಗಳಿರುತ್ತವೆ, ಎಲ್ಲ ಹೋಳುಗಳ ತೂತುಗಳು ಒಂದೇ ಸಾಲಿಗೆ ಬಂದ ದಿನ ಅಪಾಯ ನೇರವಾಗಿ ರೋಗಿಯನ್ನು ಮುಟ್ಟುತ್ತದೆ. ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 1999ರಲ್ಲಿ ಹೊರತಂದ ವರದಿ ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ತಪ್ಪುಗಳಿಂದಾಗಿ ಸಾಯುತ್ತಿರಬಹುದೆಂದು ಅಂದಾಜು ಮಾಡಿದಾಗ ಜಗತ್ತು ಬೆಚ್ಚಿತ್ತು. ಆದರೆ ಆ ವರದಿಯ ಮುಖ್ಯ ಮಾತು ಸಾವಿನ ಅಂಕಿಯಲ್ಲಿರಲಿಲ್ಲ. ಇವುಗಳಲ್ಲಿ ಹೆಚ್ಚಿನವು ಬೇಜವಾಬ್ದಾರಿ ಮನುಷ್ಯರಿಂದಲ್ಲ, ಒಳ್ಳೆಯವರನ್ನೂ ತಪ್ಪಿಗೆ ದೂಡುವ ವ್ಯವಸ್ಥೆಗಳಿಂದ ಆಗುತ್ತವೆ ಎಂಬುದರಲ್ಲಿತ್ತು.

ಕುಡಿದು ಡ್ಯೂಟಿಗೆ ಬಂದವರನ್ನು, ಕರೆದರೂ ಬಾರದವರನ್ನು, ದಾಖಲೆ ತಿದ್ದಿದವರನ್ನು ಬಿಟ್ಟುಬಿಡಿ ಎಂದು ನಾನು ಕೇಳುತ್ತಿಲ್ಲ. ಅವರಿಗೆ ಶಿಕ್ಷೆಯಾಗಲೇಬೇಕು. ಆದರೆ ನಾನು ಕಂಡ ಅನಾಹುತಗಳಲ್ಲಿ ಅಂಥವು ಬೆರಳೆಣಿಕೆಯಷ್ಟು. ಉಳಿದೆಲ್ಲವೂ ಮೇಲೆ ಹೇಳಿದ ರಾತ್ರಿಯಂಥವೇ.

ಆ ಎಂಟು ಗಂಟೆಯ ಓವರ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ, ಏಕೆಂದರೆ ಖರ್ಚಿಲ್ಲದೆ ಸರಿಪಡಿಸಬಹುದಾದ ದೊಡ್ಡ ತೂತು ಅದೇ. ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಶುಶ್ರೂಷಕಿಯರ ಪಾಳಿ ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಬೆಳಿಗ್ಗೆ ಎಂಟು. ರೋಸ್ಟರನ್ನು ಗಮನಿಸಿ ನೋಡಿದರೆ, ಒಬ್ಬರ ಡ್ಯೂಟಿ ಮುಗಿಯುವ ನಿಮಿಷಕ್ಕೇ ಇನ್ನೊಬ್ಬರದು ಆರಂಭವಾಗುತ್ತದೆ. ರೋಗಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಒಪ್ಪಿಸುವುದಕ್ಕೆ ಸರ್ಕಾರದ ಲೆಕ್ಕದಲ್ಲಿ ಸೊನ್ನೆ ನಿಮಿಷ. ಅದು ನಡೆಯುತ್ತಿರುವುದು ಸಿಸ್ಟರುಗಳು ತಮ್ಮ ಸ್ವಂತ ಸಮಯದಲ್ಲಿ, ಮಕ್ಕಳನ್ನು ಶಾಲೆಯಿಂದ ಕರೆತರುವ ಅಥವಾ ರಾತ್ರಿ ಬಹಳವಾಗುವ ಮುನ್ನ ಮನೆ ಸೇರುವ ಅವಸರದ ನಡುವೆ, ನಿಂತಲ್ಲೇ ಮಾಡುವುದರಿಂದ. ವೈದ್ಯರ ಓವರ್ ಬೇರೆ ಹೊತ್ತಿಗೆ, ಬೇರೆ ಕೋಣೆಯಲ್ಲಿ, ಇಲ್ಲವೇ ವಾಟ್ಸಾಪಿನಲ್ಲಿ ನಡೆಯುತ್ತದೆ. ಒಂದೇ ರೋಗಿಯ ಬಗ್ಗೆ ಇವರಿಗೆ ತಿಳಿದದ್ದು ಅವರಿಗೆ, ಅವರಿಗೆ ತಿಳಿದದ್ದು ಇವರಿಗೆ ಮುಟ್ಟುವುದು ಅದೃಷ್ಟದ ಮಾತಾಗುತ್ತದೆ.

2014ರಲ್ಲಿ ಅಮೆರಿಕ ಮತ್ತು ಕೆನಡಾದ ಒಂಬತ್ತು ಮಕ್ಕಳ ಚಿಕಿತ್ಸಾ ವಿಭಾಗಗಳಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಕಿರಿಯ ವೈದ್ಯರು ಓವರ್ ಕೊಡುವಾಗ ಒಂದೇ ಕ್ರಮ ಪಾಲಿಸುವಂತೆ ತರಬೇತಿ ಕೊಟ್ಟರು: ಕಾಯಿಲೆ ಎಷ್ಟು ಗಂಭೀರ, ಇಲ್ಲಿಯವರೆಗೆ ಏನಾಯಿತು, ಇನ್ನು ಏನು ಮಾಡಬೇಕು, ಏನಾದರೆ ಏನು ಮಾಡಬೇಕು, ಮತ್ತು ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ಅಷ್ಟಕ್ಕೇ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇ. 30ರಷ್ಟು ಇಳಿದವು. ಹೊಸ ಯಂತ್ರ ತರಲಿಲ್ಲ, ಓವರ್‌ಗೆ ಹಿಡಿಯುವ ಸಮಯವೂ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ನಮ್ಮ ರೋಸ್ಟರಿನಲ್ಲಿ ಎರಡು ಪಾಳಿಗಳು ಇಪ್ಪತ್ತು ನಿಮಿಷ ಒಂದರ ಮೇಲೊಂದು ಬರುವಂತೆ ಮಾಡಿ, ಆ ಹೊತ್ತಿನಲ್ಲಿ ಡ್ಯೂಟಿ ಡಾಕ್ಟರೂ ಸಿಸ್ಟರುಗಳೂ ಹಾಸಿಗೆಯಿಂದ ಹಾಸಿಗೆಗೆ ಒಟ್ಟಿಗೆ ನಡೆಯಬೇಕು ಎಂದು ಒಂದು ಸುತ್ತೋಲೆ ಹೊರಡಿಸಲು ಬಜೆಟ್ ಭಾಷಣದವರೆಗೆ ಕಾಯಬೇಕಾಗಿಲ್ಲ.

ಹೀಗೆ ನಡೆಯುವಾಗ ರೋಗಿಯ ಜೊತೆಗಿರುವವರೂ ಆ ಮಾತನ್ನು ಕೇಳಲಿ. ಬೆಂಗಳೂರಿನ ವಾರ್ಡಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ ಎಲ್ಲವೂ ಇವೆ. ಸಿಸ್ಟರುಗಳಲ್ಲಿ ಮಲಯಾಳಂ ಮಾತನಾಡುವವರು ಬಹಳ. ಕೇಸ್ ಶೀಟ್ ಮಾತ್ರ ಇಂಗ್ಲಿಷಿನಲ್ಲಿ. ಇಷ್ಟು ಭಾಷೆಗಳ ನಡುವೆ ‘ಅಮ್ಮ ಮಂಕಾಗಿದ್ದಾರೆ’ ಎಂಬ ಮಾತು ರೋಗಲಕ್ಷಣವಾಗಿ ದಾಖಲಾಗುವ ಜಾಗವೇ ಇಲ್ಲ. ಆ ರಾತ್ರಿ ಕಾಯಿಲೆಯನ್ನು ಮೊದಲು ಗುರುತಿಸಿದವಳು ಮಗಳು. ಆಯಾಗಳೂ ಹಾಗೆಯೇ; ಬೆಡ್‌ಪ್ಯಾನ್ ಕೊಡುವವರಿಗೆ ಮೂತ್ರ ಕಡಿಮೆಯಾದದ್ದು ನಮಗಿಂತ ಮೊದಲು ತಿಳಿಯುತ್ತದೆ. ಡಿ ಗ್ರೂಪ್ ನೌಕರರನ್ನು ವಾರ್ಡಿನ ಸಭೆಗೆ ಕರೆದ ಆಸ್ಪತ್ರೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಇನ್ನು ಕ್ಯಾಶುವಾಲ್ಟಿಯ ವಿಷಯ. ತಾವು ಅನಿರೀಕ್ಷಿತ ಭೇಟಿ ಕೊಟ್ಟಾಗಲೆಲ್ಲ ಟ್ರಾಲಿಯ ಮೇಲೆ ಗಂಟೆಗಟ್ಟಲೆ ಮಲಗಿರುವ ರೋಗಿಗಳನ್ನು ಕಂಡು ಅಲ್ಲಿನ ಡ್ಯೂಟಿ ಡಾಕ್ಟರನ್ನು ಪ್ರಶ್ನಿಸುತ್ತೀರಿ, ಅದು ಸಹಜ. ಆದರೆ ಆ ದಟ್ಟಣೆಯ ಬೇರು ಬಹಳ ಸಲ ಕ್ಯಾಶುವಾಲ್ಟಿಯಲ್ಲಿ ಇರುವುದಿಲ್ಲ, ಎರಡು ಮಹಡಿ ಮೇಲಿನ ವಾರ್ಡಿನಲ್ಲಿರುತ್ತದೆ. ಬೆಳಿಗ್ಗೆ ಒಂಬತ್ತರ ರೌಂಡ್ಸಿನಲ್ಲಿ ‘ಮನೆಗೆ ಹೋಗಬಹುದು’ ಎನಿಸಿಕೊಂಡ ರೋಗಿ ಸಂಜೆ ಐದಾದರೂ ಹಾಸಿಗೆ ಬಿಟ್ಟಿರುವುದಿಲ್ಲ. ಡಿಸ್ಚಾರ್ಜ್ ಸಮ್ಮರಿ (ಚಿಕಿತ್ಸೆಯ ಸಾರಾಂಶ) ಬರೆಯಬೇಕಾದ ಪಿಜಿ, ಅಂದರೆ ಸ್ನಾತಕೋತ್ತರ ವ್ಯಾಸಂಗದ ಕಿರಿಯ ವೈದ್ಯರು, ರೌಂಡ್ಸ್ ಮುಗಿಸಿ ಆಪರೇಷನ್ ಥಿಯೇಟರಿಗೆ ಹೋಗಿರುತ್ತಾರೆ. ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರ ನೋಡುವ ಕೌಂಟರಿನವರು ಸಮ್ಮರಿ ಬಾರದೆ ಕಡತ ಮುಟ್ಟುವುದಿಲ್ಲ. ಔಷಧ ಕೊಡುವ ಕಿಟಕಿ ಅಷ್ಟು ಹೊತ್ತಿಗೆ ಮುಚ್ಚಿರುತ್ತದೆ. ಊರಿನ ಕೊನೆಯ ಬಸ್ಸೂ ತಪ್ಪಿ, ಕೆಲವರು ಇನ್ನೊಂದು ರಾತ್ರಿ ಅಲ್ಲಿಯೇ ಕಳೆಯುತ್ತಾರೆ. ಕೆಳಗೆ ಟ್ರಾಲಿಯ ಮೇಲಿರುವ ರೋಗಿ ಆ ಹಾಸಿಗೆಗಾಗಿಯೇ ಕಾಯುತ್ತಿರುತ್ತಾರೆ. ಇಲ್ಲಿ ಕ್ಯಾಶುವಾಲ್ಟಿಗೆ ಹತ್ತು ಟ್ರಾಲಿ ಹೆಚ್ಚಿಗೆ ಕೊಟ್ಟರೆ, ಹತ್ತು ರೋಗಿಗಳು ಹೆಚ್ಚಿಗೆ ಕಾಯುತ್ತಾರೆ, ಅಷ್ಟೆ.

ನಾನು ಅಧೀಕ್ಷಕಿಯಾಗಿದ್ದಾಗ ಒಂದು ಯೂನಿಟ್ಟಿನಲ್ಲಿ ಇದನ್ನು ಬದಲಿಸಲು ಪ್ರಯತ್ನಿಸಿದೆವು. ನಾಳೆ ಯಾರು ಮನೆಗೆ ಹೋಗಬಹುದು ಎಂದು ಹಿಂದಿನ ಸಂಜೆಯೇ ಸಿಸ್ಟರ್ ಮತ್ತು ಪಿಜಿ ಇಬ್ಬರೂ ಕುಳಿತು ಪಟ್ಟಿ ಮಾಡುವುದು, ಸಮ್ಮರಿಯನ್ನು ಆಗಲೇ ಬರೆದಿಡುವುದು, ಬೆಳಿಗ್ಗೆ ರೌಂಡ್ಸಿನಲ್ಲಿ ಸಹಿ ಮಾತ್ರ ಹಾಕಿಸುವುದು. ಮಧ್ಯಾಹ್ನದ ಊಟದ ಹೊತ್ತಿಗೆ ಹಾಸಿಗೆಗಳು ತೆರವಾಗತೊಡಗಿದವು. ಆದರೆ ಪಿಜಿಗಳ ಪೋಸ್ಟಿಂಗ್ ಬದಲಾಗಿ ಹೊಸಬರು ಬಂದಾಗ ಪದ್ಧತಿ ಕೆಲವೇ ವಾರಗಳಲ್ಲಿ ಬಿದ್ದುಹೋಯಿತು. ಅದು ನಾಲ್ಕು ಜನರ ಉತ್ಸಾಹದ ಮೇಲೆ ನಿಂತಿತ್ತು, ಆಸ್ಪತ್ರೆಯ ನಿಯಮವಾಗಿರಲಿಲ್ಲ. ಅದನ್ನು ಆಗಲೇ ಲಿಖಿತ ಆದೇಶವಾಗಿ ಮಾಡಿಸದೇ ಹೋದದ್ದಕ್ಕೆ ಇಂದಿಗೂ ನನಗೆ ನೋವಿದೆ.

ಆಪರೇಷನ್ ಥಿಯೇಟರಿಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಸುರಕ್ಷತಾ ಪಟ್ಟಿಯೊಂದನ್ನು ಕೊಟ್ಟಿತು. ನವದೆಹಲಿಯೂ ಸೇರಿದಂತೆ ಎಂಟು ನಗರಗಳಲ್ಲಿ ಅದನ್ನು ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೂ, ದೊಡ್ಡ ತೊಡಕುಗಳು ಶೇ. 11ರಿಂದ 7ಕ್ಕೂ ಇಳಿದವೆಂದು 2009ರಲ್ಲಿ ವರದಿಯಾಯಿತು. ಆ ಪಟ್ಟಿಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಛೇದನಕ್ಕೆ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕೆಂಬ ಅಂಶ. ಒಮ್ಮೆ ಬಾಯಿ ಬಿಟ್ಟು ಹೆಸರು ಹೇಳಿದ ಕಿರಿಯ ಸಿಸ್ಟರಿಗೆ, ಅರ್ಧ ಗಂಟೆಯ ಮೇಲೆ “ಸರ್, ಒಂದು ಮಾಪ್ (ರಕ್ತ ಒರೆಸುವ ಬಟ್ಟೆ) ಲೆಕ್ಕಕ್ಕೆ ಸಿಗುತ್ತಿಲ್ಲ” ಎನ್ನಲು ಧೈರ್ಯ ಬರುತ್ತದೆ. ನಮ್ಮಲ್ಲಿ ಯೂನಿಟ್ ಚೀಫ್ ಎದುರು ಮಾತನಾಡುವುದೇ ಉದ್ಧಟತನ ಎಂಬ ಭಾವನೆ ಆಳವಾಗಿದೆ. ಪಟ್ಟಿ ನಮ್ಮ ಥಿಯೇಟರುಗಳಿಗೂ ಬಂತು. ಆದರೆ ಆಪರೇಷನ್ ಮುಗಿದ ಮೇಲೆ ಕುಳಿತು ಎಲ್ಲ ಚೌಕಗಳಿಗೂ ಒಟ್ಟಿಗೆ ಗುರುತು ಹಾಕಿದ್ದನ್ನು ನೋಡಿದ್ದೇನೆ. ಕೆಲಸದ ಒತ್ತಡದಲ್ಲಿ ನಾನೂ ಹಾಕಿದ್ದೇನೆ.

ಕಾಗದ ಎಷ್ಟು ದೂರ ಒಯ್ಯಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಮ್ಮ ರಾಜ್ಯದ ಅನುಭವವೇ ಹೇಳುತ್ತದೆ. ಸುರಕ್ಷಿತ ಹೆರಿಗೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪಟ್ಟಿಯನ್ನು ಆರಂಭದಲ್ಲಿ ಪ್ರಯೋಗಿಸಿದ್ದು ಕರ್ನಾಟಕದ ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ. ಪ್ರತಿ ಹೆರಿಗೆಯಲ್ಲಿ ಮಾಡಲೇಬೇಕಾದ 29 ಕ್ರಮಗಳ ಪೈಕಿ ಮೊದಲು ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಪಟ್ಟಿ ಬಂದ ಮೇಲೆ 25 ನಡೆದವು ಎಂದು 2012ರಲ್ಲಿ ಪ್ರಕಟವಾಯಿತು. ಮುಂದೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಇದರ ದೊಡ್ಡ ಪರೀಕ್ಷೆ ನಡೆಯಿತು. 2017ರ ಅದರ ಫಲಿತಾಂಶದಲ್ಲಿ ಸಿಬ್ಬಂದಿಯ ಕ್ರಮಪಾಲನೆ ಸುಧಾರಿಸಿತ್ತು, ತಾಯಿ ಮತ್ತು ಶಿಶುಗಳ ಸಾವಿನಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಇದರ ಅರ್ಥ ಇಷ್ಟು: ಪಟ್ಟಿ ಹಿಡಿದ ಕೈಯ ಹಿಂದೆ ರಕ್ತ ಬೇಕು, ಅರಿವಳಿಕೆ ತಜ್ಞರು ಬೇಕು, ತಕ್ಷಣ ಕಳಿಸಬೇಕಾದರೆ ಸ್ವೀಕರಿಸಲು ಸಿದ್ಧವಿರುವ ದೊಡ್ಡ ಆಸ್ಪತ್ರೆ ಬೇಕು.

ಆ ಕೊನೆಯದಕ್ಕೆ ತಮ್ಮಿಬ್ಬರನ್ನೂ ಒಟ್ಟಿಗೆ ಸಂಬೋಧಿಸಿದ್ದೇನೆ. ಈ ನಗರದಲ್ಲಿ ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗುತ್ತಿದ್ದ ಗರ್ಭಿಣಿ, ಬಿಪಿ ಏರಿದಾಗ ಆರೋಗ್ಯ ಇಲಾಖೆಯ ಜಯನಗರ ಜನರಲ್ ಆಸ್ಪತ್ರೆಗೋ ಕೆ.ಸಿ. ಜನರಲ್ ಆಸ್ಪತ್ರೆಗೋ ಹೋಗಿ, ಅಲ್ಲಿಂದ ವೈದ್ಯಕೀಯ ಶಿಕ್ಷಣ ಇಲಾಖೆಯಡಿಯ ವಾಣಿ ವಿಲಾಸ ಆಸ್ಪತ್ರೆಗೆ ಬರುವುದುಂಟು. ಒಂದೇ ಹೆರಿಗೆ, ಮೂರು ಆಡಳಿತ. ಆಕೆಯ ಕೈಯಲ್ಲಿರುವ, ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಒಂದೇ ಈ ಮೂವರನ್ನೂ ಸೇರಿಸುವ ದಾರ. ಆಂಬುಲೆನ್ಸ್ ಹೊರಡುವ ಮೊದಲು ಕಳಿಸುವ ವೈದ್ಯರು ಸ್ವೀಕರಿಸುವ ವೈದ್ಯರೊಡನೆ ಫೋನಿನಲ್ಲಿ ಮಾತನಾಡಿ, ಇಬ್ಬರ ಹೆಸರನ್ನೂ ಸಮಯವನ್ನೂ ಆ ಕಾರ್ಡಿನಲ್ಲಿ ಬರೆಯಬೇಕು ಎಂಬ ಒಂದೇ ಜಂಟಿ ಆದೇಶ ಎರಡೂ ಇಲಾಖೆಗಳಿಂದ ಬಂದರೆ, ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದು ಕಡಿಮೆಯಾಗುತ್ತದೆ.

ಕೂಡಿ ಕೆಲಸ ಮಾಡುವುದು ನಮ್ಮ ಸರ್ಕಾರಕ್ಕೆ ತಿಳಿಯದ ವಿದ್ಯೆಯೂ ಅಲ್ಲ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ತಂತ್ರಜ್ಞ, ಸಿಸ್ಟರ್, ತಾಲ್ಲೂಕು ವೈದ್ಯ, ಜಯದೇವ ಹೃದ್ರೋಗ ಸಂಸ್ಥೆಯ ತಜ್ಞ, ಆಂಬುಲೆನ್ಸ್ ಚಾಲಕ ಎಲ್ಲರೂ ಒಂದೇ ಗಡಿಯಾರವನ್ನು ನೋಡುವಂತೆ ಕಟ್ಟಿದ ವ್ಯವಸ್ಥೆ ಅದು. ಹೃದಯಕ್ಕೆ ಮಾಡಿದ್ದನ್ನು ಹೆರಿಗೆಗೂ ವಾರ್ಡಿಗೂ ಮಾಡಬಹುದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಡ್ರಿಪ್ ಮೂಲಕ ಕೊಡುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದಿತು, ಅಮಾನತಿನ ಆದೇಶವೂ ಹೊರಟಿತು. ಆಗ ನನ್ನ ಮನಸ್ಸಿಗೆ ಬಂದದ್ದು ವಾರ್ಡಿನ ಪ್ರಶ್ನೆ. ಡ್ರಿಪ್ ಹಾಕಿದ ಮೇಲೆ ಮೂವರು ರೋಗಿಗಳಿಗೆ ನಡುಕ ಬಂದದ್ದನ್ನು ಕಂಡ ಸಿಸ್ಟರ್ ಯಾವ ನಂಬರಿಗೆ ಫೋನ್ ಮಾಡಿದರೆ ಅದೇ ರಾತ್ರಿ ಆ ಬ್ಯಾಚಿನ ಬಾಟಲಿಗಳು ಇಡೀ ರಾಜ್ಯದಲ್ಲಿ ಪಕ್ಕಕ್ಕೆ ಸರಿಯುತ್ತವೆ? ಔಷಧಗಳ ದುಷ್ಪರಿಣಾಮ ವರದಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ, ಫಾರಂಗಳೂ ಇವೆ. ಆದರೆ ವರದಿ ಮಾಡಿದವರ ಮೇಲೆಯೇ ಮೊದಲ ಅನುಮಾನ ಬೀಳುವ ಕಡೆ ಯಾರೂ ಫಾರಂ ತುಂಬುವುದಿಲ್ಲ.

ಪಕ್ಕದ ಕೇರಳದಲ್ಲಿ ಅಲ್ಲಿನ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವಿನ ಗೋಪ್ಯ ಪರಿಶೀಲನೆ ನಡೆಸುತ್ತಿದೆ. ಆಸ್ಪತ್ರೆ, ವೈದ್ಯರು, ರೋಗಿ ಯಾರ ಹೆಸರೂ ಇಲ್ಲದ ಕಡತವನ್ನು ತಜ್ಞರು ಓದಿ, ಎಲ್ಲಿ ತಡವಾಯಿತು, ಯಾಕೆ ತಡವಾಯಿತು ಎಂದು ಗುರುತಿಸಿ, ಕಲಿತ ಪಾಠವನ್ನು ಎಲ್ಲರಿಗೂ ಹಂಚುತ್ತಾರೆ. ಬ್ರಿಟನ್ 1952ರಿಂದ ಇದನ್ನು ಮಾಡಿಕೊಂಡು ಬಂದಿದೆ. ತಾಯಂದಿರ ಮರಣ ಪರಿಶೀಲನೆಯ ನಮ್ಮ ದೇಶದ ಮಾರ್ಗಸೂಚಿಗಳ ಆಶಯವೂ ದೋಷಾರೋಪಣೆಯಲ್ಲ, ಕಲಿಯುವುದು. ಆದರೆ ಜಿಲ್ಲಾ ಮಟ್ಟದ ಸಭೆಯಲ್ಲಿ ಸಿಸ್ಟರ್ ಕೈ ಕಟ್ಟಿ ನಿಂತು ಉತ್ತರಿಸುವ ಸ್ಥಿತಿಯಲ್ಲಿ ಆ ಆಶಯ ಉಳಿಯುವುದಿಲ್ಲ.

ನಾನು ಕೇಳುವುದು ಇಷ್ಟು. ಇಡೀ ರಾಜ್ಯಕ್ಕೆ ಒಂದೇ ಬಾರಿಗೆ ಬೇಡ. ಬೆಂಗಳೂರಿನಲ್ಲಿ ತಮ್ಮ ತಮ್ಮ ಇಲಾಖೆಯ ಒಂದೊಂದು ಆಸ್ಪತ್ರೆಯನ್ನು ಆರಿಸಿ, ಒಂದೊಂದು ವಾರ್ಡಿನಲ್ಲಿ ಆರು ತಿಂಗಳು ಪ್ರಯತ್ನಿಸಿ. ಪಾಳಿಗಳ ನಡುವೆ ಇಪ್ಪತ್ತು ನಿಮಿಷದ ಜಂಟಿ ಓವರ್ ಇರಲಿ. ಲ್ಯಾಬಿನ ಅಪಾಯದ ಅಂಕಿಗಳಿಗೆ ಫೋನಿನ ಪಕ್ಕದಲ್ಲಿ ದಾರ ಕಟ್ಟಿದ ಒಂದು ಪುಸ್ತಕವಿರಲಿ, ಕೇಳಿದವರು ತಿರುಗಿ ಓದಿ ಸಹಿ ಮಾಡಲಿ. ವಾರಕ್ಕೊಮ್ಮೆ ಯೂನಿಟ್ ಚೀಫ್‌ನಿಂದ ಆಯಾವರೆಗೆ ಎಲ್ಲರೂ ಕುಳಿತು, ಆ ವಾರ ಕೂದಲೆಳೆಯಲ್ಲಿ ತಪ್ಪಿದ ಅನಾಹುತಗಳನ್ನು ಮಾತನಾಡಲಿ; ಆ ಸಭೆಯಲ್ಲಿ ಹೇಳಿದ್ದನ್ನು ಶಿಸ್ತುಕ್ರಮಕ್ಕೆ ಬಳಸುವುದಿಲ್ಲ ಎಂದು ತಾವು ಲಿಖಿತವಾಗಿ ಭರವಸೆ ಕೊಡಿ. ರಾತ್ರಿ ಪಾಳಿಗೆ ಒಬ್ಬರ ಬದಲು ಇಬ್ಬರು ಸಿಸ್ಟರ್ ಇರಲಿ. ಇದಕ್ಕೆ ಮಾತ್ರ ಹಣ ಬೇಕು, ಅದನ್ನು ಮುಚ್ಚಿಡುವುದಿಲ್ಲ.

ನನ್ನಂತೆ ನಿವೃತ್ತರಾದ ಶುಶ್ರೂಷಕಿಯರು ಈ ನಗರದಲ್ಲಿ ಬಹಳ ಜನರಿದ್ದೇವೆ. ಆ ಆರು ತಿಂಗಳು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಓವರ್ ನಡೆಯುವಾಗ ಪಕ್ಕದಲ್ಲಿ ನಿಂತು ಹೊಸಬರಿಗೆ ಹೇಳಿಕೊಡಲು, ಏನು ಸರಿಹೋಯಿತು ಏನು ಹೋಗಲಿಲ್ಲ ಎಂದು ಬರೆದುಕೊಡಲು, ಸಂಬಳವಿಲ್ಲದೆ ಬರಲು ನಾನು ಸಿದ್ಧಳಿದ್ದೇನೆ. ಬನಶಂಕರಿ, ರಾಜಾಜಿನಗರದ ಕಡೆಯ ನನ್ನ ಇಬ್ಬರು ಹಳೆಯ ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಯಾವ ಆಸ್ಪತ್ರೆ, ಯಾವ ವಾರ್ಡು ಎಂದು ತಾವು ತಿಳಿಸಿದರೆ ಸಾಕು.

ಗೌರವಪೂರ್ವಕವಾಗಿ,
ನಿವೃತ್ತ ಶುಶ್ರೂಷಾ ಅಧೀಕ್ಷಕಿ,
ಬಸವನಗುಡಿ, ಬೆಂಗಳೂರು